ಹನ್ನೊಂದನೆಯ ಹೆಸರು

ಅಂದು ಪುಣೆಯ ಕೊಂಢವಾದಲ್ಲಿರುವ ತಗಡಿನ ಶೆಡ್ಡಿನಲ್ಲಿ ನಾವು ಆರು ಜನ ಇದ್ದೆವು. ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ನನ್ನ ಸೋದರತ್ತೆ, ಆ ರೊಟ್ಟಿ ಕೇಂದ್ರದ ಒಡತಿ. ಅವಳೆದುರು ಬ್ಯಾಂಕಿನಿಂದ ಬಂದ ತರುಣ ಅಧಿಕಾರಿ, ತೊಡೆಯ ಮೇಲೊಂದು ಕಡತ. ಒಳಗೆ ಮೂರು ಒಲೆ, ಮೂರು ಹಂಚು, ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು. ಆರನೆಯವಳು ನಾನು. ನಾನು ಒಂದು ಕಚೇರಿಯಲ್ಲಿ ಗುಮಾಸ್ತೆ. ಅತ್ತೆಗೆ ಕಾಗದಪತ್ರ ಏನೇ ಬಂದರೂ ನನಗೇ ಕರೆ ಬರುತ್ತದೆ. ಆ ದಿನ ರಜೆ ಹಾಕಿ ಬಂದು, ಅರ್ಜಿ ತುಂಬುವುದಕ್ಕೆಂದು ಗೋಡೆಗೆ ಒರಗಿ ನಿಂತಿದ್ದೆ.

ರೊಟ್ಟಿ ಬಡಿಯುವ ಸಪ್ಪಳದಲ್ಲಿ ಮಾತು ಸರಿಯಾಗಿ ಕೇಳುತ್ತಿರಲಿಲ್ಲ. ಅಧಿಕಾರಿ ಮರಾಠಿಯಲ್ಲಿ ಸ್ವಲ್ಪ ಗಟ್ಟಿಯಾಗಿಯೇ ವಿವರಿಸುತ್ತಿದ್ದ. ಸಾಲ ಕೊಡುವುದು ತಮ್ಮ ಶಾಖೆಯೇ ಆದರೂ ಹಣ ಬರುವುದು ಮೇಲಿನ ಒಂದು ಅಭಿವೃದ್ಧಿ ಬ್ಯಾಂಕಿನಿಂದ. ಆ ಬ್ಯಾಂಕು ನಮ್ಮ ನಿಮ್ಮಂಥವರ ಠೇವಣಿ ಇಟ್ಟುಕೊಳ್ಳುವುದಿಲ್ಲ. ಸಣ್ಣ ಉದ್ದಿಮೆಗಳಿಗೆ ಸಾಲ ಸಿಗಲಿ ಎಂದೇ ಅದನ್ನು ಕಟ್ಟಿದ್ದಾರೆ. ಅದಕ್ಕೆ ಬೇಕಾದದ್ದು ಒಂದು ಲೆಕ್ಕ: ಸಾಲ ಕೊಡುವ ಮೊದಲು ಇಲ್ಲಿ ಎಷ್ಟು ಜನಕ್ಕೆ ಕೆಲಸವಿತ್ತು, ವರ್ಷದ ಮೇಲೆ ಎಷ್ಟು ಜನಕ್ಕೆ ಸಿಕ್ಕಿತು.

ಅತ್ತೆ ಎಲ್ಲ ಕೇಳಿಸಿಕೊಂಡು ನನ್ನ ಕಡೆ ತಿರುಗಿದಳು. "ಹಂಗಾರ ಬ್ಯಾಂಕಿಗೂ ಒಂದು ಬ್ಯಾಂಕ್ ಅದ ಅನ್ನು. ಅತ್ತಿಗೊಬ್ಬ ಅತ್ತಿ ಇದ್ದಂಗ."

ಒಲೆಯ ಮುಂದಿದ್ದವರು ನಕ್ಕರು. ಅಧಿಕಾರಿಗೆ ಕನ್ನಡ ಬಾರದು, ಆದರೂ ನಕ್ಕ. ಆಮೇಲೆ ಹಾಳೆಯ ಮೇಲೆ ಬೆರಳಿಟ್ಟು ಕೇಳಿದ, "ಕಾಮಗಾರ ಕಿತೀ?" ಕೆಲಸಗಾರರು ಎಷ್ಟು ಜನ?

"ದೋನ," ಎಂದಳು ಅತ್ತೆ. ಇಬ್ಬರು.

ಆತ ತಲೆಯೆತ್ತಿ ಮೂರು ಒಲೆಗಳನ್ನೂ ನೋಡಿದ. ನಡುವಿನ ಒಲೆಯ ಮುಂದೆ ಕುಳಿತಿದ್ದವಳ ಕಡೆ ಪೆನ್ನು ತೋರಿಸಿದ. ಅವಳು ಚಿಗವ್ವ. ಉಳಿದ ಇಬ್ಬರು ಒಂದು ರೊಟ್ಟಿ ಬಡಿಯುವಷ್ಟರಲ್ಲಿ ಅವಳ ಎರಡನೆಯ ರೊಟ್ಟಿ ಹಂಚಿನ ಮೇಲಿರುತ್ತಿತ್ತು.

"ತೀ ಘರಚೀ ಆಹೇ," ಎಂದಳು ಅತ್ತೆ. ಅವಳು ಮನೆಯವಳು. ನನಗೆ ಕನ್ನಡದಲ್ಲಿ ಮತ್ತೊಮ್ಮೆ ಒತ್ತಿ ಹೇಳಿದಳು, "ಚಿಗವ್ವನ ಹೆಸರ ಅದರಾಗ ಹಾಕಬ್ಯಾಡವಾ. ತಂಗೀನ ಯಾರರೆ ಆಳಿನ ಪಟ್ಟಿಯೊಳಗ ಬರೀತಾರೇನು?"

ಚಿಗವ್ವ ತಲೆ ಎತ್ತಲಿಲ್ಲ. ಆದರೆ ಅವಳ ಮುಖದಲ್ಲಿ ಒಂದು ಸಣ್ಣ ನಗೆ ಇತ್ತು, ಅದನ್ನು ನಾನು ಕಂಡೆ. ಆ ನಗೆ ನೋಡಿ ನನಗೂ ಸಮಾಧಾನವಾಯಿತು. ಪೆನ್ನು ನನ್ನ ಕೈಯಲ್ಲಿತ್ತು. ಎರಡು ಎಂದು ಬರೆದೆ.

ಚಿಗವ್ವ ನಮಗೆ ರಕ್ತಸಂಬಂಧಿಯಲ್ಲ. ಅತ್ತೆಯ ತವರಿನ ಪಕ್ಕದ ಊರಿನವಳು, ಭೀಮಾ ನದಿಯ ದಂಡೆಯ ಕಡೆಯವಳು. ಕೊಂಢವಾದಲ್ಲಿ ಎತ್ತರದ ಕಟ್ಟಡಗಳು ಏಳಲು ಶುರುವಾದಾಗ ಗಂಡನ ಜೊತೆ ಗಾರೆ ಕೆಲಸಕ್ಕೆ ಬಂದಿದ್ದಳು. ಜ್ವರದಲ್ಲಿ ಗಂಡ ತೀರಿಕೊಂಡ. ಜೊತೆಯ ಮಂದಿ ಬೇರೆ ಕಟ್ಟಡಕ್ಕೆ ಹೋದರು, ಇವಳು ಹೋಗಲಿಲ್ಲ. ಆಗ ಅತ್ತೆ ಒಂದೇ ಕೋಣೆಯಲ್ಲಿ ಐದಾರು ಹುಡುಗರಿಗೆ ಊಟ ಹಾಕುವ ಸಣ್ಣ ಖಾನಾವಳಿ ನಡೆಸುತ್ತಿದ್ದಳು. ಒಂದು ಮಧ್ಯಾಹ್ನ ಚಿಗವ್ವ ಮಜ್ಜಿಗೆ ಕೇಳಿಕೊಂಡು ಬಾಗಿಲಿಗೆ ಬಂದವಳು, ಅತ್ತೆಯ ಹಂಚಿನ ಮೇಲೆ ಹರಿದು ಬಿದ್ದಿದ್ದ ರೊಟ್ಟಿ ನೋಡಿ, ಮಜ್ಜಿಗೆಯ ಮಾತು ಬಿಟ್ಟು, "ಹಿಟ್ಟಿಗೆ ಎಸರು ಕಡಿಮಿ ಆಗೇದಕ್ಕಾ, ಸರೀ ಸ್ವಲ್ಪ," ಎಂದು ಹಿಟ್ಟಿನ ಮುಂದೆ ಕುಳಿತಳಂತೆ. ಅತ್ತೆ ಈ ಕತೆಯನ್ನು ನೂರು ಸಲ ಹೇಳಿದ್ದಾಳೆ. ಪ್ರತಿ ಸಲವೂ ಕೊನೆಗೆ, "ಕುಂತಾಕಿ ಇನ್ನಾ ಎದ್ದಿಲ್ಲ ನೋಡು," ಎನ್ನುತ್ತಾಳೆ.

ಖಾನಾವಳಿ ಹೋಗಿ ರೊಟ್ಟಿ ಕೇಂದ್ರವಾದದ್ದು ಆ ಕೈಗಳಿಂದ. ಬೆಳಗಿನ ರೊಟ್ಟಿ ಹುಡುಗರ ವಸತಿಗಳಿಗೆ ಹೋಗುತ್ತಿತ್ತು. ಸಂಜೆಯ ಗಂಟು ಕಾತ್ರಜಕ್ಕೆ, ನಮ್ಮ ಕಡೆಗೆ ಹೊರಡುವ ಬಸ್ಸುಗಳ ಹತ್ತಿರ. ಡ್ರೈವರುಗಳು ಗಂಟು ಬಿಚ್ಚುವ ಮೊದಲೇ, "ಮೆತ್ತನ್ನವು ಎಷ್ಟ ಅದಾವ ಮೊದ್ಲ ಹೇಳ್ರಿ," ಎಂದು ಕೇಳುತ್ತಿದ್ದರು.

ಈ ಎಲ್ಲ ವರ್ಷಗಳಲ್ಲಿ ಚಿಗವ್ವನಿಗೆ ಪಗಾರ ಎಂಬುದು ಇರಲಿಲ್ಲ. ಶೆಡ್ಡಿನ ಹಿಂದಿನ ಕೋಣೆ ಅವಳದು. ಊಟ ಅತ್ತೆಯ ಜೊತೆ, ಅತ್ತೆ ಉಂಡದ್ದೇ. ಪಂಚಮಿಗೊಂದು, ದೀಪಾವಳಿಗೊಂದು ಸೀರೆ, ಅದೂ ಅತ್ತೆ ತನಗೆ ತಂದದ್ದಕ್ಕಿಂತ ಒಂದು ಕೈ ಮೇಲಿನದು. ಕೈಖರ್ಚಿಗೆ ಕೇಳಿದಷ್ಟು ಕೊಡುತ್ತಿದ್ದಳು. ಚಿಗವ್ವ ಕೇಳುತ್ತಿದ್ದದ್ದೇ ಅಪರೂಪ. ಉಳಿದ ಇಬ್ಬರು ಹೆಂಗಸರು ಶನಿವಾರ ಪಗಾರ ಎಣಿಸಿಕೊಂಡು ಮನೆಗೆ ಹೋಗುವಾಗ ಇವಳು ಹಂಚು ಉಜ್ಜುತ್ತಿರುತ್ತಿದ್ದಳು.

ಅತ್ತೆ ಜಿಪುಣಿ ಎಂದು ಯಾರೂ ತಿಳಿಯಬಾರದು. ಅವಳ ಲೆಕ್ಕವೇ ಬೇರೆ. ಗಂಡ ಸತ್ತ ಮೇಲೆ ಅವಳು ಪುಣೆಗೆ ಬಂದು ಮೈದುನನ ಮನೆಯಲ್ಲಿ ನಾಲ್ಕು ವರ್ಷ ಅಡಿಗೆ ಮಾಡಿಕೊಂಡಿದ್ದಳು. ಬಂದವರು ಯಾರಿವರು ಎಂದು ಕೇಳಿದರೆ ಆ ಮನೆಯವಳು, "ಅಡಿಗಿ ಮಾಡಾಕಿ," ಎನ್ನುತ್ತಿದ್ದಳಂತೆ. ತನ್ನ ನೆಗೆಣ್ಣಿ ಎಂದು ಒಂದು ದಿನವೂ ಹೇಳಲಿಲ್ಲ. ಆ ಮಾತು ಅತ್ತೆಯೊಳಗೆ ಮುಳ್ಳಾಗಿ ಉಳಿದಿತ್ತು. ತನ್ನ ಮನೆಯಲ್ಲಿ ಉಂಡು ಮಲಗುವವಳನ್ನು ಆಳು ಎಂದು ಕರೆಯುವುದಿಲ್ಲ ಎಂಬುದು ಅವಳು ತನಗೆ ತಾನೇ ಹಾಕಿಕೊಂಡ ನೇಮ. ಅದನ್ನು ಕಾಗದದ ಮೇಲೂ ಮುರಿಯಲಿಲ್ಲ.

ಮೂರು ತಿಂಗಳಲ್ಲಿ ಸಾಲ ಮಂಜೂರಾಯಿತು, ಯಂತ್ರಗಳು ಬಂದವು. ಹಿಟ್ಟು ನಾದುವುದು ಒಂದು, ಒತ್ತುವುದು ಒಂದು, ಬೇಯಿಸಿ ಗರಿಗರಿಯಾಗಿ ಕಟಕ ಮಾಡುವ ಉದ್ದನೆಯ ಒಲೆ ಒಂದು. ಪೂಜೆಯ ದಿನ ಆರತಿ ಎತ್ತಲು ಮುತ್ತೈದೆಯರನ್ನು ಕರೆಯಬೇಕೆಂದು ನೆರೆಯವರು ಸೂಚಿಸಿದರು. "ಯಂತ್ರ ನಮ್ಮದು, ಸಾಲ ನಮ್ಮದು. ಆರತಿ ಮಾಡಾಕ ಮಂದಿನ್ಯಾಕ ಕರೀಬೇಕು?" ಎಂದು ಅತ್ತೆ ತಟ್ಟೆಯ ಒಂದು ಬದಿ ತಾನು ಹಿಡಿದು, ಇನ್ನೊಂದು ಬದಿ ಚಿಗವ್ವನ ಕೈಗೆ ಕೊಟ್ಟಳು. ಇಬ್ಬರು ವಿಧವೆಯರು ಸೇರಿ ಆ ಯಂತ್ರಕ್ಕೆ ಕುಂಕುಮ ಹಚ್ಚಿದರು.

ಮೊದಲ ರೊಟ್ಟಿ ಆಚೆ ಕಡೆಯಿಂದ ಹೊರಬಂತು. ಎರಡನೆಯದೂ ಬಂತು, ಹತ್ತನೆಯದೂ ಬಂತು. ಚಿಗವ್ವ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಹೆಂಗಾಗೇದ?" ಎಂದು ಅತ್ತೆ ಕೇಳಿದಳು.

"ಛಲೋ ಆಗೇದಕ್ಕಾ. ಎಲ್ಲಾ ಒಂದ ಮಾರಿ."

ದೊಡ್ಡ ಅಂಗಡಿಗಳವರು ಕೇಳುತ್ತಿದ್ದ ಕಟಕ ರೊಟ್ಟಿಯ ಪಾಕೀಟು ಈಗ ಬೇಕಾದಷ್ಟು ಕೊಡಲು ಸಾಧ್ಯವಾಯಿತು. ಹಿಟ್ಟು ಜರಡಿ ಹಿಡಿಯಲು, ಯಂತ್ರಕ್ಕೆ ಉಂಡೆ ಕೊಡಲು, ಪಾಕೀಟು ತುಂಬಲು ಕೈ ಬೇಕಾದವು. ಒಬ್ಬೊಬ್ಬರಾಗಿ ಎಂಟು ಹೆಂಗಸರು ಬಂದರು. ಲಾತೂರ ಕಡೆಯವರು, ಕಲಬುರಗಿಯವರು, ಕೊಂಢವಾದಲ್ಲೇ ಹುಟ್ಟಿ ಬೆಳೆದವರು. ಕೆಲವರು ಮನೆಗೆಲಸ ಬಿಟ್ಟು ಬಂದರು, ಕೆಲವರಿಗೆ ಅದೇ ಮೊದಲ ಪಗಾರ. ಒಬ್ಬಳು ಮೊದಲ ಶನಿವಾರ ಲಕೋಟೆ ಹಿಡಿದು ಶೆಡ್ಡಿನ ಹೊರಗೆ ಬಹಳ ಹೊತ್ತು ನಿಂತೇ ಇದ್ದಳು. ಯಾಕೆಂದು ಕೇಳಿದರೆ, "ಮನಿಗ್ ಹೋದ್ರ ಇದು ನನ್ನ ಕೈಯಾಗ ಉಳಿಯೂದಿಲ್ಲರಿ, ಇನ್ನೊಂದೀಟು ಹೊತ್ತು ಹಿಡಕೋತೀನಿ," ಎಂದಳು. ಸಾಲದಿಂದ ಕೆಲಸ ಹುಟ್ಟಿದ್ದು ಸುಳ್ಳಲ್ಲ. ನಾನು ಕಣ್ಣಾರೆ ಕಂಡಿದ್ದೇನೆ.

ಆದರೆ ಹಂಚುಗಳು ಮೂಲೆಗೆ ಹೋದವು. ಹಳಬರಿಬ್ಬರು ಯಂತ್ರದ ಕೆಲಸ ಕಲಿತರು. ಅದನ್ನು ಕಲಿಸಲು ಬಂದಾತ ಪಟ್ಟಿ ನೋಡಿ ಹೆಸರು ಕರೆದ, ಪಟ್ಟಿಯಲ್ಲಿದ್ದವರು ಮುಂದೆ ಬಂದರು. ಚಿಗವ್ವ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

"ನೀ ಇನ್ನ ಕುಂತು ಉಣ್ಣವಾ," ಎಂದು ಅತ್ತೆ ಅವಳ ಭುಜ ಹಿಡಿದು ಹೇಳಿದಳು. "ಸಾಕು, ಇಷ್ಟು ವರ್ಷ ಬಡದಿ."

ಅತ್ತೆ ಅದನ್ನು ಪ್ರೀತಿಯಿಂದಲೇ ಹೇಳಿದಳು. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂಬ ಮಾತು ನಮ್ಮ ಹಿರಿಯರ ಬಾಯಲ್ಲಿತ್ತು. ಹೊನ್ನಿನ ಮಾತು ಹಾಗಿರಲಿ, ಚಿಗವ್ವನಿಗೆ ಕೂತು ಉಣ್ಣುವ ತುತ್ತೇ ಇಳಿಯಲಿಲ್ಲ. ಕಸ ಗುಡಿಸಿದಳು, ಗುಡಿಸಿದ್ದನ್ನೇ ಮತ್ತೆ ಗುಡಿಸಿದಳು. ಹೊಸಬರಿಗೆ ಚಹಾ ಮಾಡಿ ಕೊಟ್ಟಳು. ಅವರೆಲ್ಲ ಅವಳನ್ನು ಮರಾಠಿಯ ಚಿಕ್ಕಮ್ಮ, ಮಾವಶಿ ಎಂದು ಕರೆದರು, ಲೋಟ ತೆಗೆದುಕೊಂಡು ಮಾತು ಮುಂದುವರಿಸಿದರು. ಈ ಶೆಡ್ಡು ನಿಂತಿರುವುದು ಯಾರ ಕೈಯ ಮೇಲೆ ಎಂದು ಅವರಿಗೆ ಯಾರು ಹೇಳಬೇಕು? ಮನೆಯ ಮುದುಕಿ, ಕನಿಕರದಿಂದ ಇಟ್ಟುಕೊಂಡಿದ್ದಾರೆ ಎಂದು ತಿಳಿದಿದ್ದರು.

ಹತ್ತು ಹೆಸರಾದ ಮೇಲೆ ಕಾಯಿದೆಯಂತೆ ಕಾರ್ಮಿಕರ ವಿಮೆ ಮಾಡಿಸಬೇಕಾಯಿತು. ಕಾಗದ ಓಡಾಡಿಸಿದವಳು ನಾನೇ. ಫೋಟೋ ಇದ್ದ ಕಾರ್ಡುಗಳು ಬಂದ ದಿನ ಸಂಜೆ ಹಂಚಿದೆ. ಶೆಡ್ಡಿನಲ್ಲಿ ಹಬ್ಬದಂತಾಯಿತು. ಒಬ್ಬರ ಫೋಟೋ ಇನ್ನೊಬ್ಬರು ನೋಡಿ ನಕ್ಕರು. "ಇದು ನೀ ಏನ? ನಿಮ್ಮತ್ತಿ ಅಂತ ತಿಳದಿದ್ದೆ," ಎಂದು ಒಬ್ಬಳು ಇನ್ನೊಬ್ಬಳನ್ನು ಕಾಡಿದಳು.

ಚಿಗವ್ವ ಚಹಾದ ಲೋಟಗಳನ್ನು ಕೂಡಿಸಿಕೊಂಡು ನನ್ನ ಹತ್ತಿರ ಬಂದಳು. ಬೇರೆಯವರಿಗೆ ಕೇಳಿಸದಂತೆ ಕೇಳಿದಳು.

"ನಂದು ಹಿಂದಿನಿಂದ ಬರತದೇನವಾ?"

ನಾನು ಹ್ಞೂಂ ಎಂದೆ. ಹಾಗೆಂದದ್ದು ಈಗಲೂ ನನ್ನನ್ನು ಬಿಟ್ಟಿಲ್ಲ. ಎರಡು ಎಂದು ಬರೆದ ಕೈ ನನ್ನದು. ಅವತ್ತು ಅವಳು ಮನೆಯವಳು ಎಂದು ಬಾಯ್ತುಂಬ ಹೇಳಿದೆವು, ಅವಳೂ ನಕ್ಕಿದ್ದಳು. ಹಾಗಂದರೆ ಏನೆಂದು ಅವಳಿಗಾಗಲಿ ನಮಗಾಗಲಿ ಗೊತ್ತಿರಲಿಲ್ಲ. ಮೊದಲಿಂದಲೂ ಇಲ್ಲದ ಕೆಲಸ ಹೋಯಿತು ಎಂದು ಯಾವ ಹಾಳೆಯಲ್ಲಿ ಬರೆಯುವುದು?

ಅಂದೇ ಅತ್ತೆಗೆ ಹೇಳಿದೆ. ಅವಳಿಗೆ ಸಿಟ್ಟು ಬಂತು.

"ಅಂದ್ರ ಆಕೀನ್ನ ನನ್ನ ಆಳು ಮಾಡಂತೀಯೇನು? ಶನಿವಾರಕ್ಕೊಮ್ಮೆ ನನ್ನ ಮುಂದ ಕೈ ಚಾಚಿ ನಿಲ್ಲಲೇನು ಆಕಿ?"

"ಅತ್ತಿ, ಕೈ ಚಾಚೂದಲ್ಲ ಅದು. ದುಡದದ್ದು ತಗೊಳ್ಳೂದು."

"ನಾ ಏನ್ ಕಡಿಮಿ ಮಾಡೀನಿ ಆಕೀಗೆ? ಕೇಳು ಹೋಗು."

ಕೇಳಲು ಹೋಗಬೇಕಾಗಿರಲಿಲ್ಲ. ಚಿಗವ್ವ ಒಳಬಾಗಿಲಲ್ಲೇ ನಿಂತಿದ್ದಳು. ಒಣಗಿದ ಕೈಗಳನ್ನು ಸೆರಗಿನಲ್ಲಿ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದಳು.

"ನೀ ಏನೂ ಕಡಿಮಿ ಮಾಡಿಲ್ಲಕ್ಕಾ," ಎಂದಳು. "ಉಣ್ಣಾಕ ಹಾಕೀದಿ, ಉಡಾಕ ಕೊಟ್ಟೀದಿ. ಆದ್ರ ನಿನ್ನಿ ಆ ಲಾತೂರದಾಕಿ ನನ್ನ ಕೇಳಿದ್ಲು, ಮಾವಶಿ ನೀವ ಮೊದಲ ಎಲ್ಲಿ ಕೆಲಸ ಮಾಡತಿದ್ರಿ ಅಂತ. ಇಲ್ಲೇ ಅಂದೆ. ಆಕಿ ನಕ್ಕಳು. ನಂಬಲಿಲ್ಲ."

ಚಿಗವ್ವ ಅಷ್ಟು ಹೇಳಿ ಒಳಗೆ ಹೋದಳು. ಆ ರಾತ್ರಿ ಇಬ್ಬರೂ ಒಂದೇ ತಟ್ಟೆಯ ಪಲ್ಯಕ್ಕೆ ಕೈ ಹಾಕಿದರು, ಆದರೆ ಮಾತಾಡಲಿಲ್ಲ ಎಂದು ಅತ್ತೆ ಮರುದಿನ ಫೋನಿನಲ್ಲಿ ಹೇಳಿದಳು.

ವರ್ಷ ತುಂಬಿದ ಮೇಲೆ ಅದೇ ಅಧಿಕಾರಿ ಮತ್ತೆ ಬಂದ. ಅದೇ ಕುರ್ಚಿ, ಅದೇ ಕಡತ. ಯಂತ್ರ ನೋಡಿದ, ಕಾರ್ಡುಗಳನ್ನು ನೋಡಿದ, ಹತ್ತು ಹೆಸರು ಎಣಿಸಿದ. ಎರಡು ಇದ್ದದ್ದು ಹತ್ತಾಗಿದೆ, ಇಂಥದ್ದು ಎಲ್ಲ ಕಡೆ ಆಗುವುದಿಲ್ಲ, ಮೇಲಿನವರಿಗೆ ಬಹಳ ಸಂತೋಷವಾಗುತ್ತದೆ ಎಂದ. ಅವನೂ ಸಂತೋಷಪಟ್ಟಿದ್ದ, ಒಳ್ಳೆಯ ಹುಡುಗ.

ನಾನು ಗಟ್ಟಿ ಮನಸ್ಸು ಮಾಡಿ ಹೇಳಿದೆ. ಮೊದಲು ಇದ್ದವರು ಇಬ್ಬರಲ್ಲ, ಮೂವರು. ಒಂದು ಹೆಸರು ಬಿಟ್ಟಿದ್ದೆವು. ಹಳೆಯ ಹಾಳೆಯನ್ನು ತಿದ್ದಬೇಕು.

ಆತನ ಮುಖ ಬಾಡಿತು. ಹಳೆಯ ಹಾಳೆ ಸಹಿಯಾಗಿ ಮೇಲೆ ಹೋಗಿಬಿಟ್ಟಿದೆ, ಅದನ್ನು ಮುಟ್ಟಲು ಬರುವುದಿಲ್ಲ ಎಂದ. ಸ್ವಲ್ಪ ಯೋಚಿಸಿ ಒಂದು ದಾರಿ ಹೇಳಿದ: ಅವರು ಈಗ ಕೆಲಸಕ್ಕೆ ಸೇರಿದ್ದಾರೆ ಎಂದು ಬರೆಯಿರಿ, ಹನ್ನೊಂದನೆಯವರಾಗುತ್ತಾರೆ, ಕಾರ್ಡೂ ಬರುತ್ತದೆ.

ಅಂದರೆ ಈ ಕೇಂದ್ರದ ಮೊದಲ ರೊಟ್ಟಿ ನೆಟ್ಟಗೆ ಬಡಿದವಳು ಇವತ್ತು ಸೇರಿದ ಹೊಸಬಳು. ಅವಳ ಇಷ್ಟು ವರ್ಷಗಳ ಕೆಲಸ ಕಾಗದದ ಮೇಲೆ ಇಲ್ಲ. ಅವಳು ಸಾಲದಿಂದ ಹುಟ್ಟಿದ ಕೆಲಸದ ಲೆಕ್ಕಕ್ಕೆ ಸೇರುತ್ತಾಳೆ. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ನೆಲ ನೋಡುತ್ತಿದ್ದಳು.

"ಏನು ಕೆಲಸ ಎಂದು ಹಾಕಲಿ?" ಎಂದು ಅಧಿಕಾರಿ ಮರಾಠಿಯಲ್ಲಿ ಕೇಳಿದ. ಕಸ ಗುಡಿಸುವುದು ಎನ್ನಬೇಕೆ, ಚಹಾ ಎನ್ನಬೇಕೆ?

ಚಿಗವ್ವ ಮುಂದೆ ಬಂದಳು. ಪುಣೆಯಲ್ಲಿ ಇಷ್ಟು ವರ್ಷ ಇದ್ದರೂ ಅಂಗಡಿ ಮುಂಗಟ್ಟಿಗೆ ಬೇಕಾದ ನಾಲ್ಕು ಮಾತಿನ ಹೊರತು ಮರಾಠಿ ಆಡಿದವಳಲ್ಲ. ಅಧಿಕಾರಿಯ ಎದುರು ನಿಂತು, ಒಂದೊಂದೇ ಪದ ಇಟ್ಟಳು.

"ಮೀ ಭಾಕರಿ ಥಾಪತೇ." ನಾನು ರೊಟ್ಟಿ ಬಡಿಯುತ್ತೇನೆ.

"ಇಲ್ಲಿ ಈಗ ಯಂತ್ರ ಇದೆಯಲ್ಲ," ಎಂದ ಆತ, ನನ್ನ ಕಡೆ ನೋಡಿ.

ಆಗ ಅತ್ತೆ ತಲೆಯೆತ್ತಿದಳು. "ಯಂತ್ರದ್ದು ಕಟಕ ಆಗತದ ಅಷ್ಟ. ಕಾತ್ರಜದ ಬಸ್ಸಿನವ್ರು ಮೆತ್ತನ್ನವು ಕೇಳಿ ಕೇಳಿ ಸಾಕಾಗಿ ಬಿಟ್ಟಾರ. ಬರಿಯವಾ, ಕೈರೊಟ್ಟಿ ಬಡಿಯಾಕಿ ಅಂತ ಬರಿ. ಪಗಾರ ಎಲ್ಲಾರಕಿಂತ ಮ್ಯಾಲಿಂದು ಹಾಕು." ಆಮೇಲೆ ಅಂದಳು, "ಆಕಿ ಕೆಲಸ ಏನು ಅಂತ ನಾನ ಹೇಳಬೇಕಿತ್ತು."

ಹೆಸರು ಬರೆಯಬೇಕು ಎಂದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವಳಿಗೆ ನಮ್ಮಲ್ಲಿ ಚಿಗವ್ವ ಎಂಬುದೇ ಹೆಸರು. ಅವಳು ಹಿಂದಿನ ಕೋಣೆಗೆ ಹೋಗಿ ಟ್ರಂಕು ತೆರೆದು ಆಧಾರ್ ಕಾರ್ಡ್ ತಂದು ಕೊಟ್ಟಳು. ಅದರ ಮೇಲೆ ಚೆಂದದ ಒಂದು ಹೆಸರಿತ್ತು. ಅತ್ತೆ ಕಾರ್ಡನ್ನು ಕೈಯಲ್ಲಿ ಹಿಡಿದು ಎರಡು ಸಲ ಓದಿದಳು. "ಒಂದಿನರೆ ಹೇಳಿಲ್ಲ ನೋಡು," ಎಂದಳು.

"ನೀ ಕೇಳಿಲ್ಲಕ್ಕಾ," ಎಂದಳು ಚಿಗವ್ವ.

ಮೂಲೆಯ ಹಂಚನ್ನು ಅವತ್ತು ಸಂಜೆಯೇ ಉಜ್ಜಿ ಒಲೆಯ ಮೇಲಿಟ್ಟರು. ಯಂತ್ರದ ಗುಂಯ್ ಸದ್ದಿನ ಜೊತೆಗೆ ರೊಟ್ಟಿ ಬಡಿಯುವ ಸಪ್ಪಳ ಮತ್ತೆ ಶುರುವಾಯಿತು. ಹೊಸ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದು ಸುತ್ತ ನಿಂತು ನೋಡಿದರು. ಲಾತೂರದವಳು ತಾನೂ ಒಂದು ಉಂಡೆ ತೆಗೆದುಕೊಂಡು ಕುಳಿತಳು. ಅವಳದು ಹರಿಯಿತು.

"ಎಸರು ಕಡಿಮಿ ಆಗೇದ," ಎಂದಳು ಚಿಗವ್ವ.

ಮೊದಲ ಶನಿವಾರ ಲಕೋಟೆ ಕೊಡುವ ಹೊತ್ತಿಗೆ ಅತ್ತೆ ತನಗೆ ಆಗುವುದಿಲ್ಲ ಎಂದು ನನ್ನನ್ನು ಕರೆಸಿದಳು. ಹನ್ನೊಂದನೆಯವಳಾಗಿ ಚಿಗವ್ವ ಸಾಲಿನ ಕೊನೆಗೆ ನಿಂತಿದ್ದಳು. ನಾನು ಕೊಟ್ಟೆ. ಹೆಬ್ಬೆಟ್ಟು ಒತ್ತಲಿಲ್ಲ, ಸಹಿ ಮಾಡಿದಳು. ನಿಧಾನವಾಗಿ, ಒಂದೊಂದು ಅಕ್ಷರ, ಕನ್ನಡದಲ್ಲಿ. ಓದು ಬರಹ ಬರುತ್ತದೆ ಎಂಬುದೂ ನಮಗೆ ಗೊತ್ತಿರಲಿಲ್ಲ.

ಆ ಶ್ರಾವಣದಲ್ಲಿ ಪಂಚಮಿಗೆ ನಾಲ್ಕು ದಿನ ಇರುವಾಗ ಅವಳು ನನ್ನ ಹತ್ತಿರ ಬಂದು, ಉಳಿದವರು ರಜೆ ಬೇಕಾದರೆ ಹೇಗೆ ಕೇಳುತ್ತಾರೆ ಎಂದು ವಿಚಾರಿಸಿದಳು. ಒಂದು ಚೀಟಿ ಬರೆದುಕೊಡುತ್ತಾರೆ ಎಂದೆ. ಬರೆದಳು. ಎರಡು ದಿನ ರಜೆ, ಊರಿಗೆ. ಪುಣೆಗೆ ಬಂದ ಮೇಲೆ ಅವಳು ಊರಿಗೆ ಹೋಗಿರಲಿಲ್ಲ. ತಮ್ಮನೊಬ್ಬ ಇದ್ದಾನೆ ಎಂಬುದು ಆ ದಿನ ತಿಳಿಯಿತು. ಅತ್ತೆ ಚೀಟಿ ಓದಿ, ಮಡಚಿ, ದೇವರ ಮುಂದಿನ ಕುಂಕುಮದ ಡಬ್ಬಿಯಲ್ಲಿ ಇಟ್ಟುಕೊಂಡಳು.

ಕಾತ್ರಜದಲ್ಲಿ ಬಸ್ಸು ಹತ್ತಿಸಲು ನಾವಿಬ್ಬರೂ ಹೋಗಿದ್ದೆವು. ಟಿಕೀಟು ಅವಳೇ ತೆಗೆದಳು. ಗುರುತಿನ ಡ್ರೈವರು ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡ.

ಮರುದಿನ ಬೆಳಿಗ್ಗೆ ಹುಡುಗರ ವಸತಿಗಳಿಗೆ ಮೆತ್ತನ್ನ ರೊಟ್ಟಿ ಹೋಗಬೇಕಿತ್ತು. ಹಂಚಿನ ಮುಂದೆ ಅತ್ತೆ ಕುಳಿತಳು. ಬಹಳ ವರ್ಷದ ಮೇಲೆ ಕುಳಿತಿದ್ದರಿಂದ ಮೊದಲಿನ ನಾಲ್ಕು ಹರಿದವು. ಐದನೆಯದನ್ನು ಅವಳು ಹಂಚಿನ ಮೇಲೆ ಹಾಕುವಾಗ ನಾನು ಕಚೇರಿಗೆ ಹೊರಟೆ.